ಗಿರಾಕಿಯ ನಕ್ಷತ್ರವೂ ಊರಿನ ಹೆಸರೂ

ರಾಶಿಯಾದಲ್ಲಿಗೆ ಒಕ್ಕಲಿಗನ ಕೆಲಸ ಮುಗಿಯಿತೆಂದು ತಿಳಿಯುವದು ಹಿಂದಿನಿಂದ ಬಂದ ರೂಢಿಯಾಗಿದೆ. ಹೊಲವನ್ನು ಹದಗೊಳಿಸುವದಕ್ಕೂ, ಬೀಜವನ್ನು ಆರಿಸುವದಕ್ಕೂ, ಬೆಳೆಯನ್ನು ಕಾಯುವದಕ್ಕೂ ವರ್ಷವಿಡೀ ದುಡಿದವನು ಮಾರಾಟಕ್ಕೆ ಅರ್ಧ ದಿವಸವನ್ನು ಕೊಟ್ಟು, ಅಡತಿಯ ಅಂಗಡಿಯಲ್ಲಿ ಸಿಕ್ಕ ಬೆಲೆಗೆ ಮಾಲನ್ನು ಒಪ್ಪಿಸಿ ಬರುತ್ತಾನೆ. ಆದರೆ ಮಾಲಿನ ನಿಜವಾದ ಪರೀಕ್ಷೆಯು ಕಣದಲ್ಲಿ ಆಗುವದಿಲ್ಲ, ಪೇಟೆಯಲ್ಲಿಯೂ ಆಗುವದಿಲ್ಲ. ಅದನ್ನು ಉಣ್ಣುವವನ ಮನೆಯಲ್ಲಿ ಆಗುತ್ತದೆ. ಆ ಮನೆಯವರ ಮಾತು ಮೊದಲು ಬೆಳೆದವನ ಕಿವಿಗೆ ಬೀಳುತ್ತಿರಲಿಲ್ಲ. ಈಗ ಮೊಬೈಲಿನ ಮೂಲಕ ನಡೆಯುವ ಆನ್‌ಲೈನ್ ಮಾರಾಟದಲ್ಲಿ ಆ ಮಾತು ಬೆಳೆದವನಿಗೂ, ಮುಂದೆ ಕೊಳ್ಳಬೇಕೆನ್ನುವ ಎಲ್ಲರಿಗೂ ಒಟ್ಟಿಗೆ ಕೇಳಿಸುವಂತಾಗಿದೆ. ಈ ಬದಲಾವಣೆಯ ಕಡೆಗೆ ಊರಿನ ಹಿರಿಯರೂ ಜಮೀನುದಾರರೂ ಲಕ್ಷ್ಯವಿಡುವದು ಅವಶ್ಯವಾಗಿದೆ.

ರಾಯಾಪುರವು ಹುಬ್ಬಳ್ಳಿ ಧಾರವಾಡಗಳ ನಡುವಿನ ದೊಡ್ಡ ರಸ್ತೆಯ ಮೇಲಿನ ಸ್ಥಳ. ಸಮೀಪದಲ್ಲಿಯೇ ಪೇರಲ ಹಣ್ಣಿಗೆ ಹೆಸರಾದ ನವಲೂರು ಇದೆ. ಧಾರವಾಡ ಸೀಮೆಯ ಆಪೂಸ್ ಮಾವು, ಅತ್ತ ಹಾವೇರಿ ಸೀಮೆಯ ಬ್ಯಾಡಗಿ ಮೆಣಸಿನಕಾಯಿ, ಮನೆಯ ಹೆಣ್ಣುಮಕ್ಕಳು ಸಿದ್ಧಪಡಿಸುವ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕಡಕ್ ರೊಟ್ಟಿ ಮೊದಲಾದವುಗಳಿಗೆ ಬೆಂಗಳೂರು, ಪುಣೆ, ಮುಂಬಯಿಗಳಲ್ಲಿ ನೆಲಸಿದ ಕನ್ನಡ ಕುಟುಂಬಗಳಲ್ಲಿ ಯಾವಾಗಲೂ ಆಸೆಯುಂಟು. ಇಂಥ ಸ್ಥಳದಲ್ಲಿರುವವನಿಗೆ ರಸ್ತೆ ಉಂಟು, ಮಾಲು ಉಂಟು, ಗಿರಾಕಿಯೂ ಉಂಟು. ಕೊರತೆಯಾಗಿರುವದು ನಂಬಿಗೆ ಒಂದೇ. ನೂರಾರು ಮೈಲು ದೂರದಲ್ಲಿರುವವನು ಕಾಣದ ಮಾರಾಟಗಾರನಿಗೆ, ಕಾಣದ ಮಾಲಿಗಾಗಿ, ಮುಂಗಡವಾಗಿ ಹಣವನ್ನು ಏತಕ್ಕೆ ಕೊಟ್ಟಾನು?

ಪೇಟೆಯಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ಕೊಳ್ಳುವವನು ರಾಶಿಯಲ್ಲಿ ಕೈಯಿಟ್ಟು ತಳದ ಕಾಳನ್ನು ತೆಗೆದು ನೋಡುವನು. ಮೆಣಸಿನಕಾಯಿಯನ್ನು ಮುರಿದು ಮೂಸುವನು. ಹತ್ತಿಯ ಎಳೆಯನ್ನು ಬೆರಳುಗಳ ನಡುವೆ ಎಳೆದು ಪರೀಕ್ಷಿಸುವನು. ಕರ್ನಾಟಕ ಸರಕಾರವು 2014ರಲ್ಲಿ ಆರಂಭಿಸಿದ ಏಕೀಕೃತ ಮಾರುಕಟ್ಟೆ ವೇದಿಕೆಯಲ್ಲಿಯೂ, ಭಾರತ ಸರಕಾರವು 2016ರ ಏಪ್ರಿಲದಲ್ಲಿ ಆರಂಭಿಸಿದ ಇ-ನಾಮ್ ವ್ಯವಸ್ಥೆಯಲ್ಲಿಯೂ ಮಾಲಿನ ಗುಣವನ್ನು ಪರೀಕ್ಷಿಸಿ ತಿಳಿಸುವ ಏರ್ಪಾಡನ್ನು ಕಲ್ಪಿಸಿದ್ದಾರೆ. ಚಿಲ್ಲರೆಯಾಗಿ ನೇರವಾಗಿ ಮನೆಗೆ ಮಾರುವಲ್ಲಿ ಕೈಯಿಟ್ಟು ನೋಡುವ ಅವಕಾಶವಿಲ್ಲ. ಅಲ್ಲಿ ಹಿಂದೆ ಕೊಂಡವರ ಕೈಯೇ ಮುಂದೆ ಕೊಳ್ಳುವವರ ಕೈಯಾಗುವದು. ಮಾಲು ಮುಟ್ಟಿದ ಬಳಿಕ ಗಿರಾಕಿಯು ಒಂದರಿಂದ ಐದರ ವರೆಗೆ ನಕ್ಷತ್ರದ ಗುರುತುಗಳನ್ನು ಕೊಡುತ್ತಾನೆ; ಜೊತೆಗೆ ನಾಲ್ಕು ಮಾತುಗಳನ್ನು ಬರೆಯುತ್ತಾನೆ. ಮೊದಲನೆಯದನ್ನು ರೇಟಿಂಗ್ ಎಂದೂ ಎರಡನೆಯದನ್ನು ರಿವ್ಯೂ ಎಂದೂ ಕರೆಯುವರು. ಇವೆರಡೂ ಮಾಲಿನ ಚಿತ್ರದ ಕೆಳಗೆ ಎಲ್ಲರಿಗೂ ಕಾಣುವಂತೆ ಉಳಿಯುತ್ತವೆ.

ಈ ಗುರುತಿಗೆ ಎಷ್ಟು ಬಲವಿದೆಯೆಂಬುದನ್ನು ವಿದ್ವಾಂಸರು ಲೆಕ್ಕ ಹಾಕಿ ನೋಡಿದ್ದಾರೆ. ಅಮೇರಿಕದ ಹಾರ್ವರ್ಡ್ ವಿದ್ಯಾಪೀಠದ ಮೈಕೆಲ್ ಲೂಕಾ ಎಂಬವರು 2011ರಲ್ಲಿ ಪ್ರಕಟಿಸಿದ ಅಭ್ಯಾಸದಲ್ಲಿ, ಸಿಯಾಟಲ್ ನಗರದ ಖಾಣಾವಳಿಗಳಿಗೆ ಒಂದು ನಕ್ಷತ್ರ ಹೆಚ್ಚಾದರೆ ಉತ್ಪನ್ನವು ಶೇಕಡಾ 5ರಿಂದ 9ರಷ್ಟು ಹೆಚ್ಚುವದೆಂದು ಕಂಡುಬಂದಿತು. ಅದರಲ್ಲಿ ಇನ್ನೊಂದು ಮಾತು ಹೆಚ್ಚು ಮುಖ್ಯವಾದದ್ದು: ಈ ಲಾಭವು ಸ್ವತಂತ್ರವಾದ ಸಣ್ಣ ಖಾಣಾವಳಿಗಳಿಗೆ ದೊರೆಯಿತೇ ಹೊರತು, ಊರೂರಿಗೆ ಶಾಖೆಗಳುಳ್ಳ ದೊಡ್ಡ ಕಂಪನಿಗಳಿಗೆ ದೊರೆಯಲಿಲ್ಲ. ಕಾರಣವು ಸ್ಪಷ್ಟವಾಗಿದೆ. ಹೆಸರಾದವನನ್ನು ಜನರು ಮೊದಲೇ ಬಲ್ಲರು. ಹೆಸರಿಲ್ಲದವನನ್ನು ತಿಳಿಯಲು ಅವರಿಗೆ ಬೇರೆ ದಾರಿಯಿಲ್ಲ. ಆದುದರಿಂದ ಜಾಹೀರಾತಿಗೆ ಹಣವಿಲ್ಲದ ರಾಯಾಪುರದ ಸಣ್ಣ ಬೆಳೆಗಾರನಿಗೆ ಗಿರಾಕಿಯ ಸಾಕ್ಷಿಯು ದೊಡ್ಡ ಬಂಡವಾಳವೇ ಸರಿ.

ಊರಿನ ಕೆಲವು ಹಿರಿಯರು ಇದನ್ನು ಒಪ್ಪುವದಿಲ್ಲ. ಮಾಲು ಒಳ್ಳೆಯದಿದ್ದರೆ ಅದೇ ಮಾತಾಡುವದು, ಹೊಗಳಿಕೆಯನ್ನು ಬೇಡುವದು ಒಕ್ಕಲಿಗನ ಮರ್ಯಾದೆಗೆ ತಕ್ಕದ್ದಲ್ಲ ಎಂಬುದು ಅವರ ಅಭಿಪ್ರಾಯ. ಈ ಮಾತಿನಲ್ಲಿ ಅಭಿಮಾನವಿದೆ. ಆದರೆ ಸಂಗತಿಯ ಪೂರ್ಣ ವಿಚಾರವಿಲ್ಲ. ಹೊಗಳಿಕೆಯನ್ನು ಬೇಡುವದು ಬೇರೆ, ನಿಜವನ್ನು ಹೇಳಿರೆಂದು ಕೇಳುವದು ಬೇರೆ. ಸಂತೆಯಲ್ಲಿ ಕಲ್ಲಂಗಡಿಯನ್ನು ಕೊಯ್ದು ತೋರಿಸುವವನು ಬೇಡುವವನಾಗುವದಿಲ್ಲ. ಅಲ್ಲದೆ ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆಯಂತೆ, ಈ ಮಾರಾಟಕ್ಕೆ ಇಳಿದವನು ಗಿರಾಕಿಯ ಮಾತಿನಿಂದ ತಪ್ಪಿಸಿಕೊಳ್ಳಲಾರನು. ಅವನು ಕೇಳದಿದ್ದರೂ ಸಿಟ್ಟಾದ ಗಿರಾಕಿಯು ಬರೆದೇ ಬರೆಯುವನು. ಸಂತೋಷಪಟ್ಟವನು ಮಾತ್ರ ಉಂಡು ಸುಮ್ಮನಾಗುವನು.

ಇದನ್ನು ಲೆಕ್ಕದಿಂದ ನೋಡಬಹುದು. ಒಬ್ಬನು ನೂರು ಪೆಟ್ಟಿಗೆ ಮಾವನ್ನು ಮಾರಿ, ಯಾರನ್ನೂ ಕೇಳದೆ ಬಿಟ್ಟನೆಂದು ಇಟ್ಟುಕೊಳ್ಳೋಣವಾಗಲಿ. ಸಿಟ್ಟಾದ ಒಬ್ಬನು ಒಂದು ನಕ್ಷತ್ರವನ್ನೂ, ಮೆಚ್ಚಿದ ಇಬ್ಬರು ಐದೈದನ್ನೂ ಕೊಟ್ಟರೆ ಒಟ್ಟು 11. ಮೂವರಿಗೆ ಹಂಚಿದರೆ ಸರಾಸರಿಯು 3.7ರೊಳಗೆ ನಿಲ್ಲುವದು. ಅವನೇ ಎಲ್ಲರನ್ನೂ ಕೇಳಿ, ಇಪ್ಪತ್ತು ಜನ ಉತ್ತರ ಕೊಟ್ಟು, ಅವರಲ್ಲಿ ಹತ್ತೊಂಬತ್ತು ಜನ ಐದನ್ನು ಕೊಟ್ಟಿದ್ದರೆ ಒಟ್ಟು 96, ಸರಾಸರಿಯು 4.8 ಆಗುವದು. ಮಾಲು ಅದೇ, ಸಿಟ್ಟಾದವನೂ ಅದೇ ಒಬ್ಬನು. ಕೆಲವು ಕಂಪನಿಗಳು ಇಷ್ಟು ಸರಳವಾದ ಸರಾಸರಿಯನ್ನು ಹಿಡಿಯದೆ, ಹೊಸ ಅಭಿಪ್ರಾಯಕ್ಕೂ ನಿಜವಾಗಿ ಕೊಂಡವನ ಅಭಿಪ್ರಾಯಕ್ಕೂ ಹೆಚ್ಚು ತೂಕ ಕೊಡುವದುಂಟು. ಹೇಗಿದ್ದರೂ ಎಲ್ಲರನ್ನೂ ಕೇಳಿದವನಿಗೆ ನಿಜವಾದ ಬೆಲೆ ಸಿಗುವದು. ಕೇಳದವನ ಹಣೆಬರಹವನ್ನು ಇಬ್ಬರು ಮೂವರು ಬರೆಯುವರು.

ಇಲ್ಲಿಂದ ಮುಂದೆ ಒಂದು ಅಪಾಯದ ದಾರಿಯೂ ತೆರೆಯುತ್ತದೆ. ನಕ್ಷತ್ರಕ್ಕೆ ಬೆಲೆ ಬಂದಿತೆಂದು ತಿಳಿದೊಡನೆ ಸುಳ್ಳು ನಕ್ಷತ್ರವನ್ನು ಮಾರುವವರು ಹುಟ್ಟಿಕೊಂಡಿದ್ದಾರೆ. ಹಣ ಕೊಟ್ಟು ಹೊಗಳಿಕೆಯನ್ನು ಬರೆಯಿಸುವದು, ಅಣ್ಣತಮ್ಮಂದಿರ ಮೊಬೈಲುಗಳಿಂದ ತಾನೇ ಬರೆಯುವದು, ಐದು ನಕ್ಷತ್ರ ಕೊಟ್ಟವರಿಗೆ ಹಣ ಮರಳಿಸುವೆನೆನ್ನುವದು, ಎದುರಾಳಿಯ ಮಾಲಿನ ಮೇಲೆ ಕೆಟ್ಟದ್ದನ್ನು ಬರೆಯಿಸುವದು ಮೊದಲಾದ ಕುಟಿಲಗಳು ಎಲ್ಲ ದೇಶಗಳಲ್ಲಿಯೂ ನಡೆಯುತ್ತಿವೆ. ಒಂದಿಷ್ಟು ಮಾಡಿದರೆ ಏನಾದೀತು ಎಂದು ಕೇಳುವ ಎಳೆಯರಿಗೆ ಈ ಸೀಮೆಯ ಹಳೆಯ ಇತಿಹಾಸವೊಂದನ್ನು ತಿಳಿಸುವದು ಒಳ್ಳೆಯದು.

1840ರ ದಶಕದಲ್ಲಿ ಹುಬ್ಬಳ್ಳಿಯ ಸಮೀಪದ ಕುಸುಗಲ್ಲದಲ್ಲಿ ಅಮೇರಿಕದ ಹತ್ತಿಯನ್ನು ಬಿತ್ತಿ ಪ್ರಯೋಗ ನಡೆಸಿದರು. ಅದು ಈ ಸೀಮೆಯ ಕರಿಯ ಭೂಮಿಗೆ ಒಗ್ಗಿತು. ‘ಧಾರವಾಡ ಅಮೇರಿಕನ್’ ಎಂಬ ಹೆಸರಿನಿಂದ ಇಂಗ್ಲಂಡದ ಗಿರಣಿಗಳ ವರೆಗೆ ಹೋಗಿ ಮನ್ನಣೆ ಪಡೆಯಿತು. 1861ರಿಂದ 1865ರ ವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆದು, ಅಲ್ಲಿಯ ಹತ್ತಿಯು ಬಾರದೆ ನಿಂತಾಗ ಹಿಂದುಸ್ಥಾನದ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಿತು. ಬೆಲೆಯೊಡನೆ ದುರಾಸೆಯೂ ಏರಿತು. ಒಳ್ಳೆಯ ಹತ್ತಿಯಲ್ಲಿ ಕೀಳು ಹತ್ತಿಯನ್ನೂ ಬೀಜವನ್ನೂ ಕಸವನ್ನೂ ಬೆರೆಸುವ ಮೋಸವು ಎಷ್ಟು ಬೆಳೆಯಿತೆಂದರೆ, ಮುಂಬಯಿ ಸರಕಾರವು 1863ರಲ್ಲಿ ಹತ್ತಿಯ ಮೋಸವನ್ನು ತಡೆಯುವ ಕಾಯ್ದೆಯನ್ನೇ ಮಾಡಿ ತಪಾಸಣೆಯವರನ್ನು ನೇಮಿಸಬೇಕಾಯಿತು. ಬೆರಕೆ ಮಾಡಿದವರು ಕೆಲವರು. ಸಂಶಯಕ್ಕೆ ಗುರಿಯಾದದ್ದು ಸೀಮೆಯ ಹತ್ತಿಯೆಲ್ಲ. ದೂರದ ಗಿರಣಿಯವನು ಮೋಸ ಮಾಡಿದ ಒಕ್ಕಲಿಗನ ಅಥವಾ ದಲಾಲಿಯ ಹೆಸರನ್ನು ಬಲ್ಲವನಲ್ಲ. ಅವನು ಬಲ್ಲದ್ದು ಧಾರವಾಡ ಎಂಬ ಹೆಸರನ್ನು ಮಾತ್ರ.

ಇಂದಿನ ಸ್ಥಿತಿಯೂ ಹಾಗೆಯೇ ಇದೆ. ಮುಂಬಯಿಯ ಗಿರಾಕಿಗೆ ಕೆಟ್ಟ ಹಣ್ಣಿನ ಪೆಟ್ಟಿಗೆ ಮುಟ್ಟಿದರೆ ಧಾರವಾಡದ ಮಾವು ಸರಿಯಿಲ್ಲ ಎಂದು ಬರೆಯುವನು. ಧಾರವಾಡ ಪೇಡೆಗೂ ಬ್ಯಾಡಗಿ ಮೆಣಸಿನಕಾಯಿಗೂ ಭೌಗೋಳಿಕ ಗುರುತಿನ ನೋಂದಣಿಯು ದೊರೆತಿದೆ. ಇಂಥ ಹೆಸರು ಯಾವನೊಬ್ಬನ ಸ್ವತ್ತೂ ಅಲ್ಲ. ಕೆರೆಯ ನೀರಿನಂತೆ ಎಲ್ಲರ ಸ್ವತ್ತು. ಸುಳ್ಳು ಹೊಗಳಿಕೆಯಿಂದ ಕೀಳು ಮಾಲನ್ನು ದಾಟಿಸುವವನು ಆ ಕೆರೆಯ ನೀರನ್ನು ಕೆಡಿಸಿದಂತೆಯೇ ಸರಿ.

ಕಾಯ್ದೆಯೂ ಈ ವಿಷಯದಲ್ಲಿ ಸುಮ್ಮನಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಕೆಳಗೆ 2020ರ ಜುಲೈದಲ್ಲಿ ಹೊರಬಿದ್ದ ಇ-ವಾಣಿಜ್ಯ ನಿಯಮಗಳ ಪ್ರಕಾರ, ಮಾರಾಟಗಾರನು ತಾನೇ ಗಿರಾಕಿಯೆಂದು ತೋರಿಸಿಕೊಂಡು ಅಭಿಪ್ರಾಯವನ್ನು ಬರೆಯಕೂಡದು. ಮಾಲಿನ ಗುಣವನ್ನು ಇದ್ದುದಕ್ಕಿಂತ ಬೇರೆಯಾಗಿ ಹೇಳಕೂಡದು. ದೋಷವುಳ್ಳ ಅಥವಾ ಹೇಳಿದಂತಿರದ ಮಾಲನ್ನು ಮರಳಿ ಪಡೆಯಲು ನಿರಾಕರಿಸಕೂಡದು. ಭಾರತೀಯ ಮಾನಕ ಬ್ಯೂರೋ ಸಂಸ್ಥೆಯು 2022ರ ನವೆಂಬರದಲ್ಲಿ ಗಿರಾಕಿಗಳ ಅಭಿಪ್ರಾಯಗಳ ಸಲುವಾಗಿಯೇ ಐಎಸ್ 19000 ಎಂಬ ಮಾನಕವನ್ನು ಪ್ರಕಟಿಸಿದೆ. ಹಣ ಕೊಟ್ಟು ಬರೆಯಿಸಿದ ಅಭಿಪ್ರಾಯಗಳನ್ನು ಅದು ಒಪ್ಪುವದಿಲ್ಲ. ಮಾರಾಟದ ಕಂಪನಿಗಳು ಸಹ ಇಂಥ ಕೃತ್ರಿಮವನ್ನು ಕಂಡರೆ ಮಾರಾಟಗಾರನ ಖಾತೆಯನ್ನು ಮುಚ್ಚುವದುಂಟು. ಹಲವು ವರ್ಷ ದುಡಿದು ಕೂಡಿಸಿದ ನಿಜವಾದ ನಕ್ಷತ್ರಗಳು ಸುಳ್ಳಿನ ಜೊತೆಗೆ ಹೋಗುವವು.

ಹಾಗಾದರೆ ನಕ್ಷತ್ರವನ್ನು ಗಳಿಸುವ ನೇರವಾದ ಮಾರ್ಗ ಯಾವದು? ಗಿರಾಕಿಯು ಮಾಲಿನ ಗುಣಕ್ಕೆ ಮಾತ್ರ ನಕ್ಷತ್ರ ಕೊಡುವದಿಲ್ಲ. ಹೇಳಿದ್ದಕ್ಕೂ ಮುಟ್ಟಿದ್ದಕ್ಕೂ ಇರುವ ಹೊಂದಿಕೆಗೆ ಕೊಡುತ್ತಾನೆ. ಬ್ಯಾಡಗಿ ಮೆಣಸಿನಕಾಯಿಯ ಹಿರಿಮೆಯು ಅದರ ಕಡುಗೆಂಪು ಬಣ್ಣದಲ್ಲಿದೆ, ಖಾರವು ಕಡಿಮೆ. ಇದನ್ನರಿಯದ ದೂರದ ಗಿರಾಕಿಯು ಬಹಳ ಖಾರವನ್ನು ಬಯಸಿ ಕೊಂಡು, ಖಾರವೇ ಇಲ್ಲವೆಂದು ಎರಡು ನಕ್ಷತ್ರ ಕೊಟ್ಟರೆ ತಪ್ಪು ಮೆಣಸಿನಕಾಯಿಯದಲ್ಲ, ವರ್ಣನೆಯದು. ಬಣ್ಣ ಹೆಚ್ಚು, ಖಾರ ಕಡಿಮೆ, ಇದು ಡಬ್ಬಿ ಜಾತಿ ಅಥವಾ ಕಡ್ಡಿ ಜಾತಿ, ಇಂಥ ವರ್ಷದ ಬೆಳೆ ಎಂದು ಮೊದಲೇ ಬರೆದಿಟ್ಟರೆ ಬೇಕಾದವನು ಕೊಳ್ಳುವನು, ಬೇಡಾದವನು ಬಿಡುವನು. ಬೇಡಾದವನಿಗೆ ಮಾರದಿರುವದೂ ಲಾಭವೇ.

ಆಪೂಸ್ ಮಾವಿನಲ್ಲಿ ಇನ್ನೊಂದು ತೊಡಕುಂಟು. ಹೊರಗೆ ಚೆನ್ನಾಗಿ ಕಂಡ ಹಣ್ಣನ್ನು ಕೊಯ್ದರೆ ಒಳಗೆ ತಿರುಳು ಬಿಳಿಚಿ ಬೆಂಡಿನಂತಾಗಿರುವದುಂಟು. ಇದು ಆ ಜಾತಿಗೆ ಅಂಟಿದ ದೋಷ. ಮಾರುವವನ ಕಣ್ಣಿಗೆ ಬೀಳುವದಿಲ್ಲ. ಹಣ್ಣು ಮರದಲ್ಲಿಯೇ ಪೂರ್ತಿ ಮಾಗುವವರೆಗೆ ಬಿಡದೆ, ಬಲಿತ ಕಾಯನ್ನು ಹದವರಿತು ಕಿತ್ತು, ಬಿಸಿಲಿಗೆ ಕಾದ ನೆಲದ ಮೇಲೆ ಸುರುವದೆ ನೆರಳಿಗೆ ಸಾಗಿಸಿದರೆ ಈ ದೋಷವು ಕಡಿಮೆಯಾಗುವದು. ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಡುವದು ಕಾಯ್ದೆಯಿಂದ ನಿಷಿದ್ಧವಾಗಿದೆ. ಮಾಡಿದವನ ಹಣ್ಣಿಗೆ ಬಣ್ಣ ಬಂದರೂ ರುಚಿ ಬರುವದಿಲ್ಲ, ಅದನ್ನು ಗಿರಾಕಿಯು ಮರೆಯದೆ ಬರೆಯುವನು. ಇಷ್ಟಾದರೂ ಡಜನ್ನಿಗೆ ಒಂದೆರಡು ಹಣ್ಣು ಒಳಗೆ ಕೆಡಬಹುದು, ಹಾಗಾದರೆ ಚಿತ್ರ ಕಳಿಸಿದೊಡನೆ ಅಷ್ಟರ ಹಣವನ್ನು ಮರಳಿಸಲಾಗುವದು ಎಂದು ಪೆಟ್ಟಿಗೆಯಲ್ಲಿಯೇ ಒಂದು ಚೀಟಿಯನ್ನಿಡುವದು ಮೇಲು. ಮೊದಲೇ ಹೇಳಿದ ದೋಷವನ್ನು ಜನರು ಕ್ಷಮಿಸುವರು. ಮುಚ್ಚಿಟ್ಟ ದೋಷವನ್ನು ಕ್ಷಮಿಸುವದಿಲ್ಲ.

ಕಡಕ್ ರೊಟ್ಟಿಯ ಶತ್ರು ಕಟ್ಟು. ಪುಡಿಯಾಗಿ ಮುಟ್ಟಿದ ರೊಟ್ಟಿಗೆ ರುಚಿಯಿದ್ದರೂ ನಕ್ಷತ್ರವಿಲ್ಲ. ಗಟ್ಟಿಯಾದ ಡಬ್ಬಿಯಲ್ಲಿ ಅಲುಗದಂತೆ ಕೂಡಿಸಿ, ಒಮ್ಮೆ ದೂರದ ನೆಂಟರ ಮನೆಗೆ ಕಳಿಸಿ ಪರೀಕ್ಷಿಸಿದ ನಂತರವೇ ಮಾರಾಟಕ್ಕೆ ಇಳಿಯತಕ್ಕದ್ದು. ಪೇರಲ ಹಣ್ಣು ಕೆಲವೇ ದಿನ ತಾಳುವದು. ಅದನ್ನು ಕೊಯ್ದ ದಿವಸವೇ ಹುಬ್ಬಳ್ಳಿ ಧಾರವಾಡಗಳ ಮನೆಗಳಿಗೆ ಮುಟ್ಟಿಸುವದು ಲೇಸು, ದೂರದ ಆಸೆಯು ಬೇಡ. ಚಟ್ನಿ ಮೊದಲಾದ ಸಿದ್ಧ ಪದಾರ್ಥಗಳಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಯು ಬೇಕು. ಪೊಟ್ಟಣದ ಮೇಲೆ ತೂಕ, ಬೆಲೆ, ತಯಾರಿಸಿದ ದಿನ, ತಯಾರಿಸಿದವರ ವಿಳಾಸಗಳು ಇರಬೇಕು. ಕಿಲೋ ಎಂದು ಬರೆದಲ್ಲಿ ಹತ್ತು ಗ್ರಾಮು ಹೆಚ್ಚಿದ್ದರೆ ನಷ್ಟವಿಲ್ಲ. ಹತ್ತು ಗ್ರಾಮು ಕಡಿಮೆಯಾದರೆ ಮನೆಯ ತಕ್ಕಡಿಯಲ್ಲಿ ತೂಗಿದ ಗಿರಾಕಿಯು ಅದರ ಚಿತ್ರವನ್ನೇ ಹಾಕುವನು.

ಮಾಲು ಮುಟ್ಟಿದ ಮೂರು ನಾಲ್ಕು ದಿನಗಳಲ್ಲಿ ಪ್ರತಿಯೊಬ್ಬ ಗಿರಾಕಿಯನ್ನೂ ಒಮ್ಮೆ, ಒಂದೇ ಸಲ, ವಿನಯದಿಂದ ಕೇಳಬೇಕು. ಐದು ನಕ್ಷತ್ರ ಕೊಡಿರೆಂದು ಕೇಳಬಾರದು. ಅನುಭವವನ್ನು ಇದ್ದಂತೆ ಬರೆಯಿರೆಂದು ಕೇಳಬೇಕು. ಮೆಚ್ಚಿದವರನ್ನು ಮಾತ್ರ ಆರಿಸಿ ಕೇಳುವದೂ ಸಲ್ಲದು. ಎಲ್ಲ ನಕ್ಷತ್ರಗಳೂ ಐದಾಗಿರಬೇಕೆಂಬ ಹಟವೂ ಬೇಡ. ಅಮೇರಿಕದ ನಾರ್ತ್‌ವೆಸ್ಟರ್ನ್ ವಿದ್ಯಾಪೀಠದ ಸ್ಪೀಗೆಲ್ ಸಂಶೋಧನ ಕೇಂದ್ರವು 2017ರಲ್ಲಿ ತಿಳಿಸಿದಂತೆ, ಸರಾಸರಿಯು 4ರಿಂದ 4.7ರ ಒಳಗಿರುವ ಮಾಲನ್ನು ಜನರು ಹೆಚ್ಚಾಗಿ ಕೊಳ್ಳುವರು. ಪೂರ್ಣ 5ರ ಸಮೀಪಕ್ಕೆ ಹೋದಂತೆ ಸಂಶಯಪಟ್ಟು ಹಿಂದೆಗೆಯುವರು. ಕಲ್ಲಿಲ್ಲದ ಅಕ್ಕಿಯುಂಟೇ ಎಂದು ಕೊಳ್ಳುವವನೂ ಬಲ್ಲನು.

ದೂರು ಬಂದಾಗ ನಡೆದುಕೊಳ್ಳುವ ರೀತಿಯಿಂದಲೇ ಮಾರಾಟಗಾರನ ಯೋಗ್ಯತೆಯು ತಿಳಿಯುವದು. ದೂರಿದವನೊಡನೆ ವಾದ ಮಾಡುವದು ಹೊಲದ ಬದುವಿನ ಜಗಳವನ್ನು ಚಾವಡಿಯ ಮುಂದೆ ತಂದಂತೆ. ನೋಡುವವರು ಇಬ್ಬರನ್ನೂ ಹಳಿಯುವರು. ತಲುಪಿದ ಪೆಟ್ಟಿಗೆಯಲ್ಲಿ ಮೂರು ಹಣ್ಣು ಕೆಟ್ಟಿದ್ದುದಕ್ಕೆ ವಿಷಾದವಿದೆ, ಅವುಗಳ ಹಣವನ್ನು ಇಂದೇ ಮರಳಿಸಲಾಗಿದೆ, ಮುಂದೆ ಹಣ್ಣುಗಳ ನಡುವೆ ಹುಲ್ಲನ್ನು ಹೆಚ್ಚಿಸಲಾಗುವದು ಎಂದು ಎರಡು ಸಾಲು ಬರೆದರೆ ಸಾಕು. ಆ ಉತ್ತರವನ್ನು ದೂರಿದವನೊಬ್ಬನು ಓದಿದರೆ, ಮುಂದೆ ಕೊಳ್ಳುವವರು ನೂರು ಜನ ಓದುವರು. ದೂರುಗಳನ್ನು ಒಂದು ವಹಿಯಲ್ಲಿ ಬರೆದಿಟ್ಟು ತಿಂಗಳಿಗೊಮ್ಮೆ ನೋಡಿದರೆ ತೋಟದಲ್ಲಿಯೋ ಕಟ್ಟಿನಲ್ಲಿಯೋ ಎಲ್ಲಿ ತಿದ್ದಬೇಕೆಂಬುದು ತಾನಾಗಿ ತೋರುವದು.

ಈ ವ್ಯವಸ್ಥೆಯು ನಿರ್ದೋಷವಾದದ್ದೆಂದು ಯಾರೂ ಹೇಳಲಾರರು. ಸಾಗಿಸುವವನು ತಡ ಮಾಡಿದ್ದಕ್ಕೆ ಬೆಳೆದವನು ನಕ್ಷತ್ರವನ್ನು ಕಳೆದುಕೊಳ್ಳುವದುಂಟು. ಮಾಲಿನ ಪಟ್ಟಿಯಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬುದನ್ನು ಕಂಪನಿಯೇ ನಿರ್ಣಯಿಸುವದು. ಖಾತೆಯನ್ನು ಮುಚ್ಚಿದರೆ ಗಳಿಸಿದ ಹೆಸರು ಅಲ್ಲಿಯೇ ಉಳಿಯುವದು. ಆದುದರಿಂದ ಒಂದೇ ಕಂಪನಿಯನ್ನು ನಂಬಿ ಕೂಡ್ರದೆ, ನೇರವಾಗಿ ಕೊಳ್ಳುವವರ ಯಾದಿಯನ್ನೂ, ಹುಬ್ಬಳ್ಳಿಯ ಪೇಟೆಯ ಸಂಬಂಧವನ್ನೂ ಉಳಿಸಿಕೊಂಡಿರುವದು ಜಾಣತನ.

ಕಡೆಯದಾಗಿ, ಈ ಕೆಲಸವು ಒಬ್ಬೊಬ್ಬನಿಂದ ಆಗುವದಲ್ಲ. ಎರಡು ಎಕರೆ ತೋಟದವನಿಗೆ ಹಂಗಾಮಿನಲ್ಲಿ ಐವತ್ತು ಪೆಟ್ಟಿಗೆಯಾದರೆ ಅಭಿಪ್ರಾಯಗಳು ಐದಾರು ಬರುವವು. ಇಪ್ಪತ್ತು ಜನ ಕೂಡಿ ಒಂದೇ ಹೆಸರಿನಿಂದ ಮಾರಿದರೆ ನೂರಾರು ಬರುವವು. ಕೂಡುವದು ಈ ಸೀಮೆಗೆ ಅಪರಿಚಿತವಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಆ ಕಾಲದ ಗ್ರಾಮೀಣ ಸಂಘಗಳ ತತ್ವವು ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ ಎಂಬುದಾಗಿತ್ತು. ಬಡವನಾದ ಒಬ್ಬೊಬ್ಬನಿಗೆ ಇಲ್ಲದ ಪತ್ತು ಎಲ್ಲರೂ ಕೂಡಿದಾಗ ಹುಟ್ಟಿತು. ನಕ್ಷತ್ರವೂ ಒಂದು ಬಗೆಯ ಪತ್ತೇ. ಅದನ್ನು ಕೂಡಿ ಗಳಿಸಬೇಕಾದರೆ ಕೂಡಿ ಹೊಣೆ ಹೊರಬೇಕು. 2020ರಲ್ಲಿ ಭಾರತ ಸರಕಾರವು 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆಯನ್ನು ಕೈಕೊಂಡದ್ದು ಇಂಥ ಕೂಟಗಳಿಗೆ ನೆರವಾಗಲೆಂದೇ.

ಅಂಥ ಕೂಟದಲ್ಲಿ ಊರಿನ ಹಿರಿಯರ ಕೆಲಸವು ಇದು. ಹಣ್ಣಿನ ಗಾತ್ರಕ್ಕೂ ತೂಕಕ್ಕೂ ಒಂದೇ ಕಟ್ಟಳೆಯನ್ನು ಗೊತ್ತುಪಡಿಸುವದು. ಕಟ್ಟುವ ಸ್ಥಳದಲ್ಲಿ ನಂಬಿಗೆಯ ಇಬ್ಬರನ್ನು ನಿಲ್ಲಿಸಿ ಪ್ರತಿ ಪೆಟ್ಟಿಗೆಯ ಮೇಲೆ ಬೆಳೆದವನ ಗುರುತಿನ ಅಂಕೆಯನ್ನು ಹಾಕಿಸುವದು. ದೂರು ಬಂದ ಪೆಟ್ಟಿಗೆಯ ನಷ್ಟವನ್ನು ಆ ಅಂಕೆಯವನಿಂದಲೇ ತುಂಬಿಸುವದು. ಸುಳ್ಳು ಅಭಿಪ್ರಾಯವನ್ನು ಬರೆಯಿಸಿದವನನ್ನು ಕೂಟದಿಂದ ಹೊರಗಿಡುವದು. ದೊಡ್ಡ ಜಮೀನುದಾರನು ಕಳಿಸಿದ ಕೀಳು ಹಣ್ಣನ್ನು ಮರಳಿಸುವ ಧೈರ್ಯವು ಕಟ್ಟುವವರಿಗೆ ಇರಬೇಕು. ಆ ಧೈರ್ಯವನ್ನು ಕೊಡತಕ್ಕವರು ಹಿರಿಯರೇ. ತನ್ನ ಪೆಟ್ಟಿಗೆಯನ್ನು ಮೊದಲು ತೆರೆದು ತೋರಿಸುವ ಜಮೀನುದಾರನಿಗೆ ಉಳಿದವರ ಪೆಟ್ಟಿಗೆಯನ್ನು ತೆರೆಸುವ ಅಧಿಕಾರವು ತಾನಾಗಿ ಬರುವದು.

1863ರಲ್ಲಿ ಮೋಸವನ್ನು ತಡೆಯಲು ಸರಕಾರದ ತಪಾಸಣೆಯವರು ಬರಬೇಕಾಯಿತು. 1937ರ ಕಾಯ್ದೆಯಿಂದ ಆಗ್‌ಮಾರ್ಕ್ ಗುರುತು ಬಂದು ದರ್ಜೆಯನ್ನು ನಿಶ್ಚಯಿಸಿತು. ಈಗಿನ ತಪಾಸಣೆಯವನು ಗಿರಾಕಿಯೇ. ಅವನು ಸಂಬಳವಿಲ್ಲದೆ, ರಜೆಯಿಲ್ಲದೆ, ಪ್ರತಿ ಮನೆಯಲ್ಲಿಯೂ ಕುಳಿತು ಪರೀಕ್ಷಿಸುತ್ತಿದ್ದಾನೆ. ಬರುವ ಮಾವಿನ ಹಂಗಾಮಿಗೆ ಮೊದಲೇ ರಾಯಾಪುರದ ಮತ್ತು ಸುತ್ತಲಿನ ಊರುಗಳ ಹಿರಿಯರು ಒಮ್ಮೆ ಕೂಡಿ ಕಟ್ಟಳೆಗಳನ್ನು ಗೊತ್ತುಮಾಡಿಕೊಂಡರೆ, ಮೊದಲನೆಯ ಪೆಟ್ಟಿಗೆಯಿಂದಲೇ ಊರಿನ ಹೆಸರು ಕಾಯಲ್ಪಡುವದು.